ಪೂರ್ವಜ್ಞಾನದ ಕಾಲಂ ನಾವೇ ತುಂಬೋಣ

ಬೋಧನಾಭ್ಯಾಸದ ಎರಡನೇ ವಾರ. ಮರುದಿನಕ್ಕೆ ಎರಡು ಪಾಠಯೋಜನೆ ಬರೆಯುವುದಿತ್ತು. ರಾತ್ರಿ ಮೊಬೈಲಿನಲ್ಲಿ ಎಐಗೆ ಕೇಳಿದೆ: ಒಂಬತ್ತನೇ ತರಗತಿ, ವಸ್ತುಗಳು ತೇಲುವುದು ಮತ್ತು ಮುಳುಗುವುದು, 40 ನಿಮಿಷ. ಕ್ಷಣದಲ್ಲೇ ಕಲಿಕಾಂಶ, ಚಟುವಟಿಕೆ, ಮೌಲ್ಯಮಾಪನ ಎಲ್ಲವೂ ಸಿದ್ಧ. ‘ಪೂರ್ವಜ್ಞಾನ’ದ ಕಾಲಂನಲ್ಲಿ ಮಕ್ಕಳಿಗೆ ಹಡಗು, ನೀರ್ಗಲ್ಲುಗಳ ಪರಿಚಯವಿದೆ ಎಂದಿತ್ತು. ಹಾಗೆಯೇ ಇಳಿಸಿಕೊಂಡೆ.

ತರಗತಿಯಲ್ಲಿ ಒಬ್ಬ ಹುಡುಗಿ ಎದ್ದು ಕೇಳಿದಳು: “ಮಿಸ್, ನಮ್ಮನೇಲಿ ಬಿತ್ತೋ ಭತ್ತಾನ ಉಪ್ಪುನೀರಿಗೆ ಹಾಕ್ತಾರೆ. ಜೊಳ್ಳು ಬರೀ ನೀರಲ್ಲೂ ತೇಲುತ್ತಲ್ಲ, ಉಪ್ಪು ಯಾಕೆ?” ನನಗೆ ಉತ್ತರ ಹೊಳೆಯಲಿಲ್ಲ. “ಆಮೇಲೆ ನೋಡೋಣ” ಎಂದು ಹಡಗಿನ ಉದಾಹರಣೆಗೆ ಹೋದೆ. ‘ಒಳ್ಳೆಯ ಪ್ರಶ್ನೆಯನ್ನು ಕೈಬಿಟ್ಟಿರಿ’ ಎಂದು ಮಾರ್ಗದರ್ಶಕ ಶಿಕ್ಷಕರು ವೀಕ್ಷಣಾ ಪುಸ್ತಕದಲ್ಲಿ ಬರೆದರು.

ಆ ರಾತ್ರಿಯೂ ಎಐಯನ್ನೇ ಕೇಳಿದೆ. ಆದರೆ ಈ ಸಲ ಆ ಹುಡುಗಿಯ ಪ್ರಶ್ನೆ ಹಿಡಿದು ಕೇಳಿದೆ. ಉತ್ತರ ಉಪಯುಕ್ತವಾಗಿತ್ತು. ಪೂರ್ತಿ ಜೊಳ್ಳು ಬರೀ ನೀರಿನಲ್ಲೇ ತೇಲುತ್ತದೆ. ಅರೆತುಂಬಿದ ಕಾಳು ಮುಳುಗಿ ಗಟ್ಟಿ ಕಾಳಿನ ಜೊತೆ ಸೇರಿಬಿಡುತ್ತದೆ. ಉಪ್ಪು ಬೆರೆಸಿದರೆ ನೀರಿನ ಸಾಂದ್ರತೆ ಹೆಚ್ಚಿ ಅರೆಕಾಳೂ ಮೇಲೆ ಬರುತ್ತದೆ. ಎಷ್ಟು ಉಪ್ಪು ಸಾಕೆಂದು ತಿಳಿಯಲು ರೈತರು ಹಸಿ ಮೊಟ್ಟೆಯನ್ನು ನೀರಿಗೆ ಬಿಟ್ಟು, ಅದು ತೇಲುವವರೆಗೆ ಉಪ್ಪು ಹಾಕುತ್ತಾರೆ. ಆ ಮೊಟ್ಟೆ ಸಾಂದ್ರತೆಯನ್ನು ಅಳೆಯುವ ಉಪಕರಣವೇ ಸರಿ.

ಅದೇ ಉತ್ತರದಲ್ಲಿ ಒಂದು ತೊಡಕೂ ಇತ್ತು. ನೀರಿನ ಸಾಂದ್ರತೆಗೂ, ನೀರಿನಲ್ಲಿ ಉಪ್ಪು ಎಷ್ಟು ಬೆರೆತಿದೆ ಎಂಬುದಕ್ಕೂ ಅದು ‘ಸಾಂದ್ರತೆ’ ಎಂಬ ಒಂದೇ ಪದ ಬಳಸಿತ್ತು. ಇವು ಎರಡು ಬೇರೆ ಪರಿಕಲ್ಪನೆಗಳು. ಹಾಗೇ ಓದಿ ಹೇಳಿದ್ದರೆ ಮಕ್ಕಳ ಗೊಂದಲಕ್ಕೆ ನಾನೇ ಕಾರಣಳಾಗುತ್ತಿದ್ದೆ. ವಿಷಯ ಓದಿಕೊಂಡಿದ್ದರಿಂದ ತಪ್ಪು ಕಣ್ಣಿಗೆ ಬಿತ್ತು.

ಎಐ ಬಳಸಬೇಕೋ ಬೇಡವೋ ಎಂಬ ಚರ್ಚೆ ನಮ್ಮ ಕಾಲೇಜಿನಲ್ಲೂ ನಡೆಯುತ್ತಿದೆ. ನಿಷೇಧಿಸಿದರೆ ನಾವು ಕದ್ದು ಬಳಸುತ್ತೇವೆ, ಅಷ್ಟೆ. ಯಾವ ಕೆಲಸಕ್ಕೆ, ಯಾವಾಗ ಬಳಸಬೇಕು ಎಂಬುದೇ ನಿಜವಾದ ಪ್ರಶ್ನೆ. ನಮ್ಮ ಮುಂದಿರುವ ನಲವತ್ತು ಮಕ್ಕಳಿಗೆ ಏನು ಗೊತ್ತು, ಅವರು ಏನನ್ನು ತಪ್ಪಾಗಿ ತಿಳಿದಿದ್ದಾರೆ ಎಂಬುದು ಎಐಗೆ ತಿಳಿದಿರುವುದಿಲ್ಲ. ಅದನ್ನು ಮಕ್ಕಳನ್ನು ಕೇಳಿಯೇ ತಿಳಿಯಬೇಕು. ಬಿ.ಇಡಿ.ಯಲ್ಲಿ ನಾವು ಕಲಿಯಬೇಕಾದ ಮುಖ್ಯ ಕೌಶಲವೂ ಅದೇ. ಅದನ್ನೇ ಯಂತ್ರಕ್ಕೆ ಬಿಟ್ಟರೆ ನಮ್ಮ ಬೋಧನಾಭ್ಯಾಸಕ್ಕೆ ಅರ್ಥವೇನು?

ಆದ್ದರಿಂದ ನಮ್ಮ ಉಪನ್ಯಾಸಕರಲ್ಲಿ ಎರಡು ವಿನಂತಿ. ಪಾಠಯೋಜನೆಯ ಪೂರ್ವಜ್ಞಾನದ ಕಾಲಂ ಅನ್ನು ಮಕ್ಕಳೊಡನೆ ಮಾತಾಡಿದ ಮೇಲೆ, ಅವರ ಮಾತುಗಳಲ್ಲೇ, ಕೈಬರಹದಲ್ಲಿ ತುಂಬುವ ನಿಯಮ ತನ್ನಿ. ಎಐ ಬಳಸಿದ್ದರೆ ಏನು ಕೇಳಿದೆವು, ಬಂದ ಉತ್ತರದಲ್ಲಿ ಏನು ತಿದ್ದಿದೆವು ಎಂದು ಯೋಜನೆಯ ಕೊನೆಯಲ್ಲಿ ಬರೆಸಿ. ತಿದ್ದಿದ್ದೇನೂ ಇಲ್ಲ ಎಂದಿದ್ದರೆ ಅಲ್ಲೇ ನಮ್ಮನ್ನು ಪ್ರಶ್ನಿಸಿ. ಸಹಪ್ರಶಿಕ್ಷಣಾರ್ಥಿಗಳಿಗೂ ಒಂದು ಮಾತು: ಎಐಗೆ ಮಕ್ಕಳ ಪ್ರಶ್ನೆ ಕೊಡಿ, ಅವರ ಹೆಸರು, ಅಂಕಗಳನ್ನು ಕೊಡಬೇಡಿ.

ಮುಂದಿನ ಪಾಠಕ್ಕೆ ಆ ಹುಡುಗಿ ಒಂದು ಹಿಡಿ ಭತ್ತ ತಂದಳು, ನಾನು ಮೊಟ್ಟೆ, ಉಪ್ಪು ಒಯ್ದಿದ್ದೆ. ಅಂದು ಹಡಗಿನ ಉದಾಹರಣೆಯೇ ಬೇಕಾಗಲಿಲ್ಲ.