ಕಡಲ ನೀರಿನ ಲೆಕ್ಕ ಇಡುವವರಾರು?

ಮರುವಾಯಿಯನ್ನು ಎಷ್ಟೇ ಬೇಯಿಸಿದರೂ ನಾಶವಾಗದ ವಿಷವೊಂದಿದೆ. ಕೆಲವು ಸೂಕ್ಷ್ಮ ಪಾಚಿಗಳು ಉತ್ಪಾದಿಸುವ ಸ್ಯಾಕ್ಸಿಟಾಕ್ಸಿನ್ ಚಿಪ್ಪುಜೀವಿಗಳ ಮಾಂಸದಲ್ಲಿ ಶೇಖರಗೊಳ್ಳುತ್ತದೆ. ಅದಕ್ಕೆ ರುಚಿಯಿಲ್ಲ, ವಾಸನೆಯಿಲ್ಲ. ತಿಂದವರ ತುಟಿ, ನಾಲಿಗೆ ಜೋಮು ಹಿಡಿಯುತ್ತವೆ. ವಿಷದ ಪ್ರಮಾಣ ಹೆಚ್ಚಿದ್ದರೆ ಉಸಿರೇ ನಿಲ್ಲಬಹುದು. 1983ರಲ್ಲಿ ಮಂಗಳೂರು ಪರಿಸರದಿಂದ ಇಂಥ ವಿಷಬಾಧೆ ವರದಿಯಾಗಿತ್ತು. 1997ರಲ್ಲಿ ಕೇರಳದ ವಿಳಿಂಜಂನಲ್ಲಿ 7 ಮಂದಿ ಪ್ರಾಣ ಕಳೆದುಕೊಂಡರು. ಜನ ಆಸ್ಪತ್ರೆ ಸೇರಿದ ಮೇಲೆ ಕಾರಣ ಹುಡುಕುವುದು ಮುನ್ನೆಚ್ಚರಿಕೆ ಎನಿಸದು.

ಉಪಗ್ರಹಗಳು ಇವೆಯಲ್ಲ ಎಂದು ಕೆಲವರು ಕೇಳಬಹುದು. ಹೈದರಾಬಾದಿನ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರವು ಉಪಗ್ರಹಗಳ ನೆರವಿನಿಂದ ಪಾಚಿಯ ಹಬ್ಬುಗೆಯನ್ನು ಗುರುತಿಸುತ್ತಿರುವುದು ಶ್ಲಾಘನೀಯ. ಆದರೆ ಉಪಗ್ರಹಕ್ಕೆ ಕಾಣುವುದು ನೀರಿನ ಬಣ್ಣ ಮಾತ್ರ. ವಿಷವಾಗಲೀ ನೈಟ್ರೇಟ್ ಆಗಲೀ ಅಲ್ಲ. ಮಳೆಗಾಲದಲ್ಲಿ ಮೋಡಗಳು ಆ ನೋಟವನ್ನೂ ಮರೆಮಾಡುತ್ತವೆ. ನಮ್ಮ ಪಶ್ಚಿಮ ಕರಾವಳಿಯಲ್ಲಿ ಆಳದ ಪೋಷಕಾಂಶಭರಿತ ನೀರು ಮೇಲೇರುವುದು ಅದೇ ಕಾಲದಲ್ಲಿ.

ಆದ್ದರಿಂದ ಕಡಲ ನೀರನ್ನೇ ತಂದು ಅಳೆಯದೆ ಗತ್ಯಂತರವಿಲ್ಲ. ಡಯಾಟಮ್ ಎಂಬ ಪಾಚಿಗಳಿಗೆ ಕವಚ ಕಟ್ಟಿಕೊಳ್ಳಲು ಸಿಲಿಕೇಟ್ ಬೇಕು. ಚರಂಡಿ ನೀರು, ಹೊಲದ ಗೊಬ್ಬರ ಸಮುದ್ರಕ್ಕೆ ಹರಿಸುವುದು ಮುಖ್ಯವಾಗಿ ಸಾರಜನಕ ಮತ್ತು ರಂಜಕವನ್ನು. ಈ ಸಮತೋಲ ತಪ್ಪಿದಾಗ ಸಿಲಿಕೇಟ್ ಬೇಡದ ಇತರ ಪಾಚಿಗಳಿಗೆ ಮೇಲುಗೈ ದೊರೆಯಬಹುದು. ಅವುಗಳಲ್ಲಿ ಕೆಲವು ವಿಷಕಾರಿ. ಪಾಚಿ ಹಬ್ಬಿದ್ದು ನಿಸರ್ಗದ ಸಹಜ ಕ್ರಮದಿಂದಲೋ ನಮ್ಮ ಕೊಳಚೆಯಿಂದಲೋ ಎಂಬುದನ್ನು ವರ್ಷಗಟ್ಟಲೆ ಒಂದೇ ಸ್ಥಳದಲ್ಲಿ, ಒಂದೇ ವಿಧಾನದಲ್ಲಿ ನಡೆಸಿದ ಮಾಪನವಷ್ಟೇ ಹೇಳಬಲ್ಲದು. ಮಾದರಿಯನ್ನು ಕೂಡಲೇ ಸೋಸಿ ತಂಪಿನಲ್ಲಿ ಇಡದಿದ್ದರೆ ಬಾಟಲಿಯೊಳಗಿನ ಜೀವಿಗಳೇ ಪೋಷಕಾಂಶವನ್ನು ತಿಂದು ಲೆಕ್ಕ ಕೆಡಿಸುತ್ತವೆ. ಇದು ತರಬೇತಿ ಪಡೆದ ಕೈಗಳು ಬೇಡುವ ಕೆಲಸ.

ಇಂಥ ಪರೀಕ್ಷೆಯಿಂದ ಜೀವನೋಪಾಯಕ್ಕೆ ಧಕ್ಕೆಯಾದೀತು ಎಂಬ ಆತಂಕವಿದೆ. ವಸ್ತುಸ್ಥಿತಿ ಇದಕ್ಕೆ ತದ್ವಿರುದ್ಧ ಎಂಬುದು ನನ್ನ ಅಭಿಪ್ರಾಯ. ಅಂಕಿಅಂಶವಿಲ್ಲದಿದ್ದರೆ ಒಂದು ವದಂತಿ ಇಡೀ ಕರಾವಳಿಯ ಮಾರಾಟವನ್ನು ನಿಲ್ಲಿಸಬಲ್ಲದು. ಅಂಕಿಅಂಶವಿದ್ದರೆ ಅಪಾಯವಿರುವ ಅಳಿವೆಯೊಂದನ್ನು ಮಾತ್ರ ಮುಚ್ಚಿ, ಉಳಿದೆಡೆ ವ್ಯಾಪಾರ ಮುಂದುವರಿಸಬಹುದು. ಕ್ಯಾಲಿಫೋರ್ನಿಯಾದಲ್ಲಿ ಪ್ರತಿವರ್ಷ ಮೇ 1ರಿಂದ ಅಕ್ಟೋಬರ್ 31ರವರೆಗೆ ಹವ್ಯಾಸಿಗಳು ತಿನ್ನಲು ಚಿಪ್ಪುಜೀವಿ ಮಸ್ಸೆಲ್ ಸಂಗ್ರಹಿಸುವುದಕ್ಕೆ ನಿಷೇಧವಿದೆ. ಅದನ್ನೇ ಇಲ್ಲಿ ನಕಲು ಮಾಡಬೇಕಿಲ್ಲ. ಅಘನಾಶಿನಿಯಿಂದ ನೇತ್ರಾವತಿಯವರೆಗೆ ಚಿಪ್ಪು ಹೆಕ್ಕುವ ಅಳಿವೆಗಳಲ್ಲಿ ನೀರನ್ನೂ ಮಾಂಸವನ್ನೂ ನಿಯತವಾಗಿ ಪರೀಕ್ಷಿಸಬೇಕು. ಫಲಿತಾಂಶವು ಕಡತದಲ್ಲಿ ಉಳಿಯದೆ, ಮೀನು ಮಾರುಕಟ್ಟೆಯ ಫಲಕದಲ್ಲಿ ಜನರ ಭಾಷೆಯಲ್ಲಿ ಕಾಣಿಸಬೇಕು. ಬೆಳಗಾಗುತ್ತಲೇ ನೀರಿಗಿಳಿದು ಬಳಚು ಹೆಕ್ಕುವ ಹೆಣ್ಣುಮಗಳಿಗೆ ಅಂದಿನ ನೀರು ಹೇಗಿದೆ ಎಂದು ತಿಳಿಯುವ ಹಕ್ಕಿದೆ.