ಮರಿ ಕಾಯುವ ಮೀನಿಗೆ ಗಾಳ ಬೇಡ

ಶಾಲೆ ತೆರೆಯುವುದೂ ತೋಡು ತುಂಬುವುದೂ ನಮ್ಮ ಕಾಸರಗೋಡಿನಲ್ಲಿ ಒಟ್ಟೊಟ್ಟಿಗೆ. ಭಾನುವಾರ ಮಕ್ಕಳು ಗಾಳ ಹಿಡಿದು ಹೊರಟರೆ ನಾವು ಬೈಯುವವರಲ್ಲ. ಮೊಬೈಲು ನೋಡುತ್ತ ಕೂರುವುದಕ್ಕಿಂತ ಎಷ್ಟೋ ವಾಸಿ.

ಆದರೆ ಬಿದಿರ ಕೋಲು, ಎರೆಹುಳದ ಜಾಗಕ್ಕೆ ಈಗ ರೀಲಿನ ಕೋಲು, ರಬ್ಬರ್ ಕಪ್ಪೆ ಬಂದಿವೆ. ಕಪ್ಪೆಯ ಬೆನ್ನಿಗೆ ಎರಡು ಕೊಕ್ಕೆ. ಗುರಿ ಹೆಚ್ಚಾಗಿ ವರಾಲ್, ಅಂದರೆ ಘಟ್ಟದ ಮೇಲಿನವರ ಕುಚ್ಚು ಮೀನು. ಗಾಳಿ ಕುಡಿಯಲು ಆಗಾಗ ಮೇಲೆ ಬರಲೇಬೇಕಾದ ಈ ಮೀನು ಮಳೆಗಾಲದಲ್ಲಿ ಮರಿ ಮಾಡುತ್ತದೆ. ಕೆಂಪು ಕೆಂಪಾದ ನೂರಾರು ಮರಿಗಳು ಒಂದೇ ಗುಂಪಾಗಿ ಮೇಲೆ ಆಡುತ್ತಿದ್ದರೆ ನೀರು ಕುದಿಯುವಂತೆ ಕಾಣುತ್ತದೆ. ಅಡಿಯಲ್ಲಿ ಅಪ್ಪ ಅಮ್ಮನ ಕಾವಲು. ಕೆಲವರು ಆ ಗುಂಪಿನ ನಡುವೆಯೇ ಕಪ್ಪೆ ಎಸೆಯುತ್ತಾರೆ. ಮೀನು ಕಚ್ಚುವುದು ಹಸಿವಿನಿಂದಲ್ಲ, ಮರಿಗಳನ್ನು ಉಳಿಸಲು. ಜತೆಗಾರರು ಇದನ್ನೇ ಜಾಣತನವೆಂದು ಹೊಗಳುತ್ತಾರೆ! ನಮಗೆ ಹಾಗನ್ನಿಸುವುದಿಲ್ಲ. ಕಾವಲು ತಪ್ಪಿದ ಮರಿಗಳು ಬೇರೆ ಮೀನು, ನೀರುಹಾವು, ಕೊಕ್ಕರೆಗಳ ಪಾಲು.

2010ರಲ್ಲಿ ಕೇರಳದ ರಾಜ್ಯ ಮೀನೆಂದು ಘೋಷಿತವಾದ ಕರಿಮೀನಿನದೂ ಇದೇ ಕಥೆ. ಗಂಡು ಹೆಣ್ಣು ಎರಡೂ ಸೇರಿ ಮೊಟ್ಟೆ ಮರಿ ಕಾಯುತ್ತವೆ.

"ಹಿಡಿದು ಬಿಟ್ಟುಬಿಡುತ್ತೇವಲ್ಲ ಮಾಷ್ಟ್ರೇ" ಎನ್ನುವ ಹುಡುಗರಿದ್ದಾರೆ. ಕೊಕ್ಕೆ ಬಿಡಿಸಿ, ತೂಗಿ, ಫೋಟೊ ತೆಗೆಯುವಷ್ಟು ಹೊತ್ತು ಮರಿಗಳಿಗೆ ಯಾರು ದಿಕ್ಕು?

ಪೋಷಕರಲ್ಲಿ ವಿನಂತಿ ಇಷ್ಟೆ. ಕೆಂಪು ಮರಿಗಳು ಕಂಡ ಮದಕದಲ್ಲಿ ಗಾಳ ಹಾಕಬೇಡಿ, ಹಾಕಲು ಬಿಡಬೇಡಿ. ಮರಿಗಳು ಬೆಳೆದು ಚದುರಿದ ಮೇಲೆ ಧಾರಾಳವಾಗಿ ಹೋಗಿ. ಹೊಳೆಗೆ ತೋಟೆ ಹಾಕುವವರ ಬಗ್ಗೆ ಇನ್ನೊಮ್ಮೆ ಬರೆಯುತ್ತೇವೆ.