ರಿಮೋಟ್ ರಿಸೀವರ್: ಪರೀಕ್ಷೆ, ದರ ಮತ್ತು ದುರಸ್ತಿಯ ಹಕ್ಕು

ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಕೆಂಕೆರೆಯಂತಹ ತೆಂಗಿನ ಸೀಮೆಯ ಗ್ರಾಮಗಳಲ್ಲಿಯೂ ಟಿ.ವಿ. ಹಾಗೂ ಸೆಟ್ ಟಾಪ್ ಬಾಕ್ಸ್‌ಗಳು ದಿನಬಳಕೆಯ ವಸ್ತುಗಳಾಗಿವೆ. ರಿಮೋಟ್‌ಗೆ ಸ್ಪಂದಿಸದ ಪೆಟ್ಟಿಗೆಯನ್ನು ಹುಳಿಯಾರಿಗೋ ತಿಪಟೂರಿಗೋ ಒಯ್ದಾಗ ‘ಬೋರ್ಡ್ ಹೋಗಿದೆ’ ಎಂಬ ಉತ್ತರ ದೊರೆತರೆ, ಅದನ್ನು ಪರಿಶೀಲಿಸುವ ಮಾರ್ಗ ಗ್ರಾಹಕರಿಗೆ ತಿಳಿದಿರುವುದಿಲ್ಲ. ದೋಷವು ಮೂರು ಕಾಲುಗಳ ಇನ್‌ಫ್ರಾರೆಡ್ ರಿಸೀವರ್ ಎಂಬ ಸಣ್ಣ ಬಿಡಿಭಾಗದಲ್ಲಿಯೇ ಇರಬಹುದು. ಇದರ ಬೆಲೆ ಕೆಲವು ಹತ್ತು ರೂಪಾಯಿಗಳು ಮಾತ್ರ.

ಮೊದಲು ರಿಮೋಟನ್ನು ಪರೀಕ್ಷಿಸತಕ್ಕದ್ದು. ಮೊಬೈಲ್ ಕ್ಯಾಮೆರಾದ ಎದುರು ಗುಂಡಿ ಒತ್ತಿದಾಗ ಬಲ್ಬು ಮಿನುಗುವುದು ಪರದೆಯಲ್ಲಿ ಕಂಡರೆ ಕಿರಣ ಹೊರಡುತ್ತಿದೆ ಎಂದರ್ಥ. ಕೆಲವು ಮೊಬೈಲ್‌ಗಳ ಹಿಂಬದಿಯ ಕ್ಯಾಮೆರಾ ಈ ಕಿರಣವನ್ನು ತಡೆಯುವುದರಿಂದ ಮುಂಬದಿಯದನ್ನೂ ಬಳಸಿ ನೋಡುವುದು ಸೂಕ್ತ. ಅನಂತರದ ಪರೀಕ್ಷೆ ತಂತ್ರಜ್ಞರದು. ರಿಸೀವರ್‌ಗೆ ವಿದ್ಯುತ್ ತಲುಪುತ್ತಿದ್ದು, ಗುಂಡಿ ಒತ್ತಿದಾಗಲೂ ಅದರ ಔಟ್‌ಪುಟ್ ಕಾಲಿನ ವೋಲ್ಟೇಜ್ ಕೊಂಚವೂ ಇಳಿಯದಿದ್ದರೆ ರಿಸೀವರ್ ಕೆಟ್ಟಿರುವ ಸಂಭವ ಹೆಚ್ಚು. ಬದಲಿ ಬಿಡಿಭಾಗ ಅಗ್ಗವೆಂದು ಯಾವುದನ್ನಾದರೂ ಹಾಕುವಂತಿಲ್ಲ. ಬಹುತೇಕ ರಿಮೋಟ್‌ಗಳು 38 ಕಿಲೋಹರ್ಟ್ಸ್‌ನವಾದರೂ 36 ಮತ್ತು 40 ಕಿಲೋಹರ್ಟ್ಸ್‌ನವೂ ಇವೆ. ಹೊಂದದ ರಿಸೀವರ್ ಹತ್ತಿರದಿಂದ ಮಾತ್ರ ಕೆಲಸ ಮಾಡೀತು. ಕಾಲುಗಳ ಕ್ರಮ ತಯಾರಕರಿಂದ ತಯಾರಕರಿಗೆ ಬದಲಾಗುತ್ತದೆ. ಆದುದರಿಂದ ತಂತ್ರಜ್ಞರು ಬಿಡಿಭಾಗದ ಬೆಲೆಗಿಂತ ಹೆಚ್ಚು ಕೂಲಿ ಕೇಳುವುದು ಅನ್ಯಾಯವಲ್ಲ. ಪರೀಕ್ಷಿಸದೆಯೇ ಇಡೀ ಬೋರ್ಡಿನ ದರ ಹೇಳುವುದು ಮಾತ್ರ ಪ್ರಶ್ನಾರ್ಹ. ತಿಪಟೂರು ಮಾರುಕಟ್ಟೆಯಲ್ಲಿ ಕೊಬ್ಬರಿಯ ಗುಣಮಟ್ಟ ನೋಡದೆ ಯಾರೂ ದರ ನಮೂದಿಸುವುದಿಲ್ಲವಷ್ಟೆ!

ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯು 2022ರ ಡಿಸೆಂಬರ್ 24ರಂದು ದುರಸ್ತಿ ಹಕ್ಕಿನ ಜಾಲತಾಣವನ್ನು ಆರಂಭಿಸಿತು. ದುರಸ್ತಿ ಸೂಚ್ಯಂಕ ಕುರಿತ ಸಮಿತಿಯ ವರದಿ 2025ರ ಮೇ ತಿಂಗಳಿನಲ್ಲಿ ಸಲ್ಲಿಕೆಯಾಯಿತು. ಆದರೆ ಅದು ಮೊದಲ ಹಂತಕ್ಕೆ ಸೂಚಿಸಿದ್ದು ಸ್ಮಾರ್ಟ್‌ಫೋನ್ ಮತ್ತು ಟ್ಯಾಬ್ಲೆಟ್‌ಗಳನ್ನು. ಗ್ರಾಮೀಣ ಮನೆಯ ಸೆಟ್ ಟಾಪ್ ಬಾಕ್ಸ್ ಆ ಹಂತದಲ್ಲಿ ಸೇರಿಲ್ಲ.

ಹೀಗಾಗಿ ಸದ್ಯಕ್ಕೆ ಗ್ರಾಹಕರ ಮುಖ್ಯ ಆಧಾರವೆಂದರೆ ರಸೀದಿ. ದುರಸ್ತಿಗೆ ಮುನ್ನ ಬಿಡಿಭಾಗದ ಬೆಲೆ ಮತ್ತು ಕೂಲಿಯನ್ನು ಪ್ರತ್ಯೇಕವಾಗಿ ಬರೆಸಿಕೊಳ್ಳುವುದು, ಬದಲಾಯಿಸಿದ ಹಳೆಯ ಭಾಗವನ್ನು ಕೇಳಿ ಪಡೆಯುವುದು ಒಳಿತು. ಸೇವೆಗೆ ರಸೀದಿ ನೀಡದಿರುವುದು ಗ್ರಾಹಕರ ಸಂರಕ್ಷಣಾ ಅಧಿನಿಯಮ, 2019ರ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿಯಾಗಿರುತ್ತದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಅಲ್ಲಿ ಬಗೆಹರಿಯದ ದೂರನ್ನು ತುಮಕೂರಿನ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಸಲ್ಲಿಸಬಹುದು. ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿಗಳವರೆಗಿದ್ದಲ್ಲಿ ದೂರಿಗೆ ಶುಲ್ಕವಿರುವುದಿಲ್ಲ.